ಎಡಿಟರ್ ತಾನಾಗಿ ಇಡುವ ಹೆಸರು

ಹೊಸ ಪ್ರಾಜೆಕ್ಟ್ ಶುರುಮಾಡಲು ಕೋಡ್ ಎಡಿಟರ್ ತೆರೆದರೆ ಅದು ಮೊದಲು ಕೇಳುವುದು ಹೆಸರನ್ನು. ಬರೆಯಲು ಹೊರಟಿದ್ದು ಏನು, ಅದು ನಾಳೆಯವರೆಗೆ ಉಳಿಯುತ್ತದೋ ಇಲ್ಲವೋ ಎಂಬುದು ಬರೆಯುವವರಿಗೇ ಗೊತ್ತಿರದ ಹೊತ್ತು ಅದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸು ಎಂದು ಒತ್ತಾಯ ಮಾಡಿದ ಹಾಗೆ. ಒತ್ತಾಯ ಅತಿಯಾಯಿತು ಎನ್ನಿಸಿಯೋ ಏನೋ, ಹೆಚ್ಚಿನ ಎಡಿಟರ್‌ಗಳು ಆ ಖಾಲಿ ಜಾಗದಲ್ಲಿ ತಾವೇ ಒಂದು ಹೆಸರು ತುಂಬಿಟ್ಟಿರುತ್ತವೆ. ನಾವು ಓದದೆ ಎಂಟರ್ ಒತ್ತುತ್ತೇವೆ. ಹೀಗೆ ಒತ್ತಿದ ಎಂಟರ್‌ಗಳ ಫಲವಾಗಿ ಜಗತ್ತಿನ ಹಾರ್ಡ್‌ಡಿಸ್ಕ್‌ಗಳಲ್ಲಿ ‘ಅನ್‌ಟೈಟಲ್ಡ್’, ‘ಕನ್ಸೋಲ್‌ಆ್ಯಪ್1’, ‘ಮೈ ಅಪ್ಲಿಕೇಶನ್’, ‘ಡೆಮೊ’ ಎಂಬ ಫೋಲ್ಡರ್‌ಗಳು ರಾಶಿ ಬಿದ್ದಿವೆ. ಆರು ತಿಂಗಳ ಮೇಲೆ ಯಾವುದರೊಳಗೆ ಏನಿದೆ ಎಂದು ತಿಳಿಯಲು ಒಂದೊಂದನ್ನೇ ತೆರೆದು ನೋಡಬೇಕು.

ಡೀಫಾಲ್ಟ್ ಹೆಸರಿನ ಪ್ರಶ್ನೆ ಸಣ್ಣದೆಂದು ಕಂಡರೂ ನಲವತ್ತು ವರ್ಷಗಳಲ್ಲಿ ಅದಕ್ಕೆ ಕೊಟ್ಟ ಉತ್ತರಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಬೇರೆ. ಕೆಲವು ಎಡಿಟರ್‌ಗಳು ಅಂಕಿ ಹಚ್ಚುತ್ತವೆ, ಕೆಲವು ತಾರೀಖು ಹಚ್ಚುತ್ತವೆ, ಕೆಲವು ಚೀಟಿ ಎತ್ತಿದಂತೆ ಎರಡು ಪದ ಆರಿಸಿ ಜೋಡಿಸುತ್ತವೆ. ಇನ್ನು ಕೆಲವು ಹಟ ಹಿಡಿದು ಖಾಲಿ ಬಿಡುತ್ತವೆ. ಇಂಥ ಹೆಸರು ಅಂದವಾಗಿರಬೇಕೆಂದು ನನಗೆ ಅನ್ನಿಸುವುದಿಲ್ಲ. ನೋಡಿದ ಕೂಡಲೇ ತಾನು ತಾತ್ಕಾಲಿಕ ಎಂದು ಹೇಳಬೇಕು, ಕಂಪ್ಯೂಟರಿನೊಳಗೆ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಮುರಿಯದೆ ನಡೆಯಬೇಕು, ಬೇಡವೆಂದಾಗ ಕುರುಹು ಬಿಡದೆ ಹೋಗಬೇಕು. ಮೂರನೆಯದರಲ್ಲಿ ಬಹುತೇಕ ಎಲ್ಲರೂ ಸೋತಿದ್ದಾರೆ.

ಅಂಕಿಯ ಪದ್ಧತಿಯೇ ಹಳೆಯದು. ನಮ್ಮ ಇಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳಲ್ಲಿ ತೀರ ಈಚಿನವರೆಗೂ ನೀಲಿ ಪರದೆಯ ಟರ್ಬೊ ಸಿ++ ನಡೆಯುತ್ತಿತ್ತು. ಅದರಲ್ಲಿ ಹೊಸ ಫೈಲ್ ತೆರೆದರೆ ಬರುತ್ತಿದ್ದ ಹೆಸರು ‘ನೋನೇಮ್00.ಸಿಪಿಪಿ’. ಡಾಸ್‌ನಲ್ಲಿ ಫೈಲ್ ಹೆಸರಿಗೆ ಎಂಟು ಅಕ್ಷರ, ಅದರ ಬಾಲಕ್ಕೆ ಮೂರು ಅಕ್ಷರ ಎಂಬ ಮಿತಿ ಇತ್ತು. ಇಂಗ್ಲಿಷಿನಲ್ಲಿ ‘ನೋನೇಮ್’ ಆರು ಅಕ್ಷರ, ಅಂಕಿ ಎರಡು, ಅಲ್ಲಿಗೆ ಜಾಗ ಸರಿಯಾಗಿ ಭರ್ತಿ. ಹೆಸರಿಲ್ಲ ಎಂಬುದನ್ನೇ ಹೆಸರಾಗಿಸಿದ ಪ್ರಾಮಾಣಿಕತೆ ಅದರಲ್ಲಿತ್ತು. ಒಂದೇ ಕಂಪ್ಯೂಟರನ್ನು ಬ್ಯಾಚಿನಿಂದ ಬ್ಯಾಚಿಗೆ ಹಂಚಿಕೊಳ್ಳುವ ಲ್ಯಾಬಿನಲ್ಲಿ ಮಾತ್ರ ಈ ಪ್ರಾಮಾಣಿಕತೆ ಯಾರಿಗೂ ಉಪಯೋಗವಿಲ್ಲ. ಟಿಸಿ ಫೋಲ್ಡರಿನ ಒಳಗಿನ ಬಿನ್‌ನಲ್ಲಿ ಯಾರ ‘ನೋನೇಮ್’ ಯಾರದೆಂದು ಹೇಳುವವರಿರಲಿಲ್ಲ.

1991ರ ವಿಷುಯಲ್ ಬೇಸಿಕ್ ‘ಪ್ರಾಜೆಕ್ಟ್1’, ‘ಫಾರ್ಮ್1’ ಎಂದಿತು. 1995ರ ಡೆಲ್ಫಿ ಅದಕ್ಕೆ ‘ಯೂನಿಟ್1’ ಸೇರಿಸಿತು. ನೆಟ್‌ಬೀನ್ಸ್ ‘ಜಾವಾಅಪ್ಲಿಕೇಶನ್1’ ಎಂದಿತು. ಮೈಕ್ರೊಸಾಫ್ಟ್‌ನ ವಿಷುಯಲ್ ಸ್ಟುಡಿಯೊ ಮೊದಲು ‘ಕನ್ಸೋಲ್‌ಅಪ್ಲಿಕೇಶನ್1’ ಎಂದು ಉದ್ದಕ್ಕೆ ಬರೆಯುತ್ತಿದ್ದದ್ದು ಆಮೇಲೆ ‘ಕನ್ಸೋಲ್‌ಆ್ಯಪ್1’ ಎಂದು ಮೊಟಕಾಯಿತು. ಜೆಟ್‌ಬ್ರೇನ್ಸ್ ಕಂಪನಿಯ ಇಂಟೆಲಿಜೆಯಲ್ಲಿ ‘ಅನ್‌ಟೈಟಲ್ಡ್’, ಅದಾದ ಮೇಲೆ ‘ಅನ್‌ಟೈಟಲ್ಡ್1’. ಇವುಗಳಲ್ಲಿ ಒಳ್ಳೆಯದೊಂದಿದೆ: ‘ಕನ್ಸೋಲ್’ ಎಂಬಂಥ ಮಾತು ಪ್ರಾಜೆಕ್ಟಿನ ಜಾತಿಯನ್ನಾದರೂ ಹೇಳುತ್ತದೆ. ಅಂಕಿ ಏನನ್ನೂ ಹೇಳುವುದಿಲ್ಲ. ಆ ಹೆಸರಿನ ಫೋಲ್ಡರ್ ಆಗಲೇ ಇದೆ, ಇನ್ನೊಂದು ಬೇಕು ಎಂಬಷ್ಟೇ ಅದರ ಅರ್ಥ. ನಡುವಿನ ಒಂದನ್ನು ಅಳಿಸಿದರೆ ಅದೇ ಅಂಕಿ ಹೊಸ ಪ್ರಾಜೆಕ್ಟಿಗೆ ಸಿಕ್ಕರೂ ಸಿಕ್ಕೀತು. ಆಗ 3 ಎಂಬುದು 7ಕ್ಕಿಂತ ಹಳೆಯದು ಎಂದೂ ನಂಬುವಂತಿಲ್ಲ.

ನಿಜವಾದ ತೊಂದರೆ ಇರುವುದು ಹೆಸರಿನ ಸೋರಿಕೆಯಲ್ಲಿ. ವಿಷುಯಲ್ ಸ್ಟುಡಿಯೊದಲ್ಲಿ ‘ಕನ್ಸೋಲ್‌ಆ್ಯಪ್1’ಕ್ಕೆ ಎಂಟರ್ ಒತ್ತಿದಿರಿ ಅನ್ನಿ. ಆ ಹೆಸರಿನ ಫೋಲ್ಡರ್ ಆಯಿತು, ಅದರೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಯಿತು, ಸಲ್ಯೂಷನ್ ಫೈಲ್, ಪ್ರಾಜೆಕ್ಟ್ ಫೈಲ್, ಕಂಪೈಲ್ ಆಗಿ ಹೊರಬರುವ ಇಎಕ್ಸ್‌ಇ, ಕೋಡಿನೊಳಗಿನ ನೇಮ್‌ಸ್ಪೇಸ್ ಎಲ್ಲದಕ್ಕೂ ಅದೇ ಹೆಸರು ಅಂಟಿತು. ಆಮೇಲೆ ಬುದ್ಧಿ ಬಂದು ಪ್ರಾಜೆಕ್ಟಿನ ಮೇಲೆ ಬಲಗುಂಡಿ ಒತ್ತಿ ರೀನೇಮ್ ಮಾಡಿದರೆ ಪ್ರಾಜೆಕ್ಟ್ ಫೈಲಿನ ಹೆಸರು ಬದಲಾಗುತ್ತದೆ, ಫೋಲ್ಡರಿನದು ಬದಲಾಗುವುದಿಲ್ಲ. ಅದಾಗಲೇ ಬರೆದ ಕೋಡಿನೊಳಗಿನ ನೇಮ್‌ಸ್ಪೇಸೂ ಹಾಗೆಯೇ ಉಳಿಯುತ್ತದೆ. ಹಾಗಾಗಿ ಸಂಬಳಪಟ್ಟಿಯ ತಂತ್ರಾಂಶದ ಹೊಟ್ಟೆಯೊಳಗೆ ವರ್ಷಗಟ್ಟಲೆ ‘ಕನ್ಸೋಲ್‌ಆ್ಯಪ್1’ ಕೂತಿರುವುದು ಅಸಾಧ್ಯವೇನಲ್ಲ. ಸಲಕರಣೆಯ ಈ ಕೊರತೆಗೆ ಬೈಗುಳ ಸಿಗುವುದು ಮಾತ್ರ ಬರೆದವರ ಸೋಮಾರಿತನಕ್ಕೆ.

ಸೋರಿಕೆ ತಡೆಯಲಾಗದಿದ್ದರೆ ಸೋರಿದ ಹೆಸರು ಮುಂದೆಲ್ಲೋ ಗಟ್ಟಿಯಾಗಿ ತಡೆಯಾಗುವ ಹಾಗೆ ಮಾಡಬಹುದು. ಆಂಡ್ರಾಯ್ಡ್ ಸ್ಟುಡಿಯೊ ಮಾಡಿದ್ದು ಅದನ್ನೇ. ಅದು ಹೊಸ ಪ್ರಾಜೆಕ್ಟಿಗೆ ‘ಮೈ ಅಪ್ಲಿಕೇಶನ್’ ಎನ್ನುತ್ತದೆ, ಪ್ಯಾಕೇಜಿಗೆ ‘ಕಾಮ್ ಡಾಟ್ ಎಕ್ಸಾಂಪಲ್’ನಿಂದ ಶುರುವಾಗುವ ಹೆಸರು ಕೊಡುತ್ತದೆ. ‘ಎಕ್ಸಾಂಪಲ್ ಡಾಟ್ ಕಾಮ್’ ಎಂಬ ವಿಳಾಸ ಯಾರಿಗೂ ಮಾರಾಟವಾಗದಂತೆ 1999ರಲ್ಲೇ ಉದಾಹರಣೆಗಳಿಗೆಂದು ಕಾದಿರಿಸಿದ್ದು. ಕಲಿಯುವವರು ತಮ್ಮ ಫೋನಿನಲ್ಲಿ ಓಡಿಸಿ ನೋಡುವತನಕ ಈ ಹೆಸರು ತಕರಾರಿಲ್ಲದೆ ನಡೆಯುತ್ತದೆ. ಪ್ಲೇ ಸ್ಟೋರಿಗೆ ಕಳಿಸಲು ಹೋದರೆ ಮಾತ್ರ ಈ ಹೆಸರು ನಡೆಯದು ಎಂದು ಗೂಗಲ್ ಬಾಗಿಲಲ್ಲೇ ತಡೆಯುತ್ತದೆ. ಒಮ್ಮೆ ಪ್ರಕಟವಾದ ಆ್ಯಪ್‌ನ ಗುರುತಿನ ಹೆಸರನ್ನು ಬದಲಿಸಿದರೆ ಸ್ಟೋರ್ ಅದನ್ನು ಬೇರೆಯೇ ಆ್ಯಪ್ ಎಂದು ಎಣಿಸುತ್ತದೆ. ಆದ್ದರಿಂದ ಬಾಗಿಲಲ್ಲೇ ತಡೆಯುವುದು ಉಪಕಾರವೇ ಸರಿ. ಮನೆಯೊಳಗೆ ಸಲ್ಲುವ, ಬೀದಿಗೆ ಸಲ್ಲದ ಹೆಸರು ಡೀಫಾಲ್ಟ್ ಆಗಿರಬೇಕು ಎಂಬ ಈ ಯೋಚನೆ ನನಗೆ ಬಹಳ ಹಿಡಿಸಿದ್ದು. ಸ್ಪ್ರಿಂಗ್ ಜಾವಾ ಚೌಕಟ್ಟಿನ ಪ್ರಾಜೆಕ್ಟ್ ತಯಾರಿಸಿಕೊಡುವ ಪುಟದಲ್ಲೂ ‘ಕಾಮ್ ಡಾಟ್ ಎಕ್ಸಾಂಪಲ್’, ‘ಡೆಮೊ’ ಎಂದೇ ಇರುತ್ತದೆ. ಸರ್ವರಿಗೆ ಹೋಗುವ ಕೋಡಿಗೆ ಪ್ಲೇ ಸ್ಟೋರಿನಂಥ ಕಾವಲುಗಾರ ಇಲ್ಲವಾದ್ದರಿಂದ ಅಲ್ಲಿ ‘ಡೆಮೊ’ ನೇರವಾಗಿ ಒಳಗೆ ಹೋಗಿಬಿಡಬಹುದು.

ಈಗ ತಾರೀಖಿನ ಪದ್ಧತಿ. ಇಡೀ ಸಂತೆಯಲ್ಲಿ ಇದೇ ಹೆಚ್ಚು ವಿವೇಕದ್ದು ಎಂಬುದು ನನ್ನ ಪಕ್ಷಪಾತ. ಎಂಐಟಿಯಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರುಮಾಡಿದ ಪ್ರೊಸೆಸಿಂಗ್, ಚಿತ್ರಕಾರರಿಗೆ ಕೋಡ್ ಕಲಿಸಲು ಹುಟ್ಟಿದ್ದು. ಅದರಲ್ಲಿ ಪ್ರೋಗ್ರಾಮಿಗೆ ‘ಸ್ಕೆಚ್’ ಎನ್ನುತ್ತಾರೆ. ಗೆರೆ ಎಳೆದು ನೋಡಿ ಹರಿದುಹಾಕುವಂಥದ್ದು ಎಂಬ ಭಾವ ಆ ಮಾತಿನಲ್ಲೇ ಇದೆ. ಹೊಸ ಸ್ಕೆಚ್ ತೆರೆದರೆ ‘ಸ್ಕೆಚ್’ ಎಂಬುದರ ಮುಂದೆ ವರ್ಷ, ತಿಂಗಳು, ದಿನಕ್ಕೆ ಎರಡೆರಡು ಅಂಕಿ, ಕೊನೆಗೆ ‘ಎ’. ಅದೇ ದಿನ ಇನ್ನೊಂದು ತೆರೆದರೆ ‘ಬಿ’. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುವಿನೊ ಪ್ರೊಸೆಸಿಂಗ್‌ನ ಎಡಿಟರನ್ನೇ ತನ್ನದಾಗಿಸಿಕೊಂಡಾಗ ಈ ಪದ್ಧತಿಯೂ ಜೊತೆಗೆ ಬಂತು. ಇಂದು ಹೈಸ್ಕೂಲಿನ ವಿಜ್ಞಾನ ಮೇಳಕ್ಕೆ ಎಲ್‌ಇಡಿ ಮಿನುಗಿಸುವ ಹುಡುಗಿಯ ಪರದೆಯಲ್ಲೂ ‘ಸ್ಕೆಚ್_ಆಕ್ಟ್12ಎ’ ಎಂಬಂಥ ಹೆಸರು ಕಾಣುತ್ತದೆ.

ಇದರಲ್ಲಿ ಏನು ವಿಶೇಷ? ಬರೆದದ್ದು ಏನೆಂದು ಮರೆತರೂ ಯಾವಾಗ ಬರೆದೆ ಎಂಬುದು ಮನಸ್ಸಿನಲ್ಲಿ ಹೇಗೋ ಉಳಿದಿರುತ್ತದೆ. ದಸರಾ ರಜೆಯಲ್ಲಿ ಮಾಡಿದ್ದು, ಪರೀಕ್ಷೆಗೆ ಹಿಂದಿನ ವಾರ ಮಾಡಿದ್ದು ಎಂದು ಹುಡುಕಬಹುದು. ಹೆಸರಿನೊಳಗೆ ಸುಳ್ಳು ಭರವಸೆ ಇಲ್ಲ, ಅರ್ಥ ಮಾತ್ರ ಇದೆ. ಇಂಗ್ಲಿಷಿನ 26 ಅಕ್ಷರಗಳೂ ಒಂದೇ ದಿನ ಮುಗಿದುಹೋದರೆ ಆರ್ಡುವಿನೊದ ಹಳೆಯ ಎಡಿಟರ್, ಇವತ್ತಿಗೆ ಹೆಸರು ಮುಗಿದವು, ಎದ್ದು ಒಂದು ಸುತ್ತು ಅಡ್ಡಾಡಿ ಬರಬಾರದೇ ಎಂಬ ಅರ್ಥದ ಸಂದೇಶ ತೋರಿಸುತ್ತಿತ್ತು. ಮಿತಿಯನ್ನು ಮುಚ್ಚಿಡದೆ ಹೀಗೆ ಲಘುವಾಗಿ ಒಪ್ಪಿಕೊಳ್ಳುವ ತಂತ್ರಾಂಶ ಅಪರೂಪ.

ಹಾಗೆಂದು ಆರ್ಡುವಿನೊ ಮಾಡಿದ್ದೆಲ್ಲ ಸರಿಯಲ್ಲ. ಪ್ರೊಸೆಸಿಂಗ್‌ನ ಹೆಸರಿನಲ್ಲಿದ್ದ ವರ್ಷವನ್ನು ಅದು ಕೈಬಿಟ್ಟು, ತಿಂಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿತು. ಫಲವಾಗಿ ಫೋಲ್ಡರುಗಳು ಅಕಾರಾದಿಯಾಗಿ ನಿಂತಾಗ ಏಪ್ರಿಲ್ ಮೊದಲು, ಆಮೇಲೆ ಆಗಸ್ಟ್, ಅದರ ಹಿಂದೆಯೇ ಡಿಸೆಂಬರ್. ಹೋದ ವರ್ಷದ ಅಕ್ಟೋಬರ್ 12ರ ‘ಎ’ಯ ಪಕ್ಕದಲ್ಲೇ ಈ ವರ್ಷದ ಅಕ್ಟೋಬರ್ 12ರ ‘ಬಿ’. ಓದಲು ಹಿತ, ಹುಡುಕಲು ಕಷ್ಟ. ಸ್ಕೆಚ್ಚಿನ ಫೈಲಿಗೂ ಅದರ ಫೋಲ್ಡರಿಗೂ ಒಂದೇ ಹೆಸರು ಇರಲೇಬೇಕು ಎಂಬ ನಿಯಮ ಬೇರೆ. ಹೊರಗಿನಿಂದ ಫೋಲ್ಡರಿನ ಹೆಸರೊಂದನ್ನೇ ತಿದ್ದಿದವರಿಗೆ ಎಡಿಟರ್ ತಕರಾರು ತೆಗೆಯುತ್ತದೆ.

ಚೀಟಿ ಎತ್ತುವ ಪದ್ಧತಿ ಎಡಿಟರ್‌ಗಳಿಗಿಂತ ಸರ್ವರುಗಳ ಲೋಕದಲ್ಲಿ ಹೆಚ್ಚು. ಹೆರೋಕು ಎರಡು ಪದ, ಒಂದು ಸಂಖ್ಯೆ ಜೋಡಿಸುತ್ತದೆ. ಗಿಟ್‌ಹಬ್‌ನಲ್ಲಿ ಹೊಸ ರೆಪಾಸಿಟರಿ ತೆರೆಯುವಾಗ ಹೆಸರು ಹೊಳೆಯದವರಿಗೆ ಒಂದು ವಿಚಿತ್ರ ಜೋಡಿ ಸೂಚಿಸುತ್ತಾರೆ. ಡಾಕರ್ ತನ್ನ ಕಂಟೇನರುಗಳಿಗೆ ಒಂದು ವಿಶೇಷಣ, ಒಬ್ಬ ವಿಜ್ಞಾನಿಯ ಹೆಸರು ಸೇರಿಸುತ್ತದೆ. ಆ ಪಟ್ಟಿಯಲ್ಲಿ ಆರ್ಯಭಟ, ರಾಮಾನುಜನ್, ಸಿ. ವಿ. ರಾಮನ್ ಇದ್ದಾರೆ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಇದ್ದಾರೆ. ಆ್ಯಪಲ್‌ನ ಸ್ಟೀವ್ ವಾಜ್ನಿಯಾಕ್ ಬೇಸರ ಹಿಡಿಸುವವರಲ್ಲ ಎಂದು ಕೋಡಿನಲ್ಲೇ ಟಿಪ್ಪಣಿ ಬರೆದು, ‘ಬೋರಿಂಗ್’ ಮತ್ತು ‘ವಾಜ್ನಿಯಾಕ್’ ಒಟ್ಟಿಗೆ ಬಂದರೆ ಆ ಹೆಸರು ಬಿಟ್ಟು ಬೇರೆ ಆರಿಸುವಂತೆ ಮಾಡಿದ್ದಾರೆ. ವಿಶ್ವೇಶ್ವರಯ್ಯನವರಿಗೆ ಆ ವಿನಾಯಿತಿ ಇಲ್ಲ. ಕನ್ನಂಬಾಡಿ ಕಟ್ಟಿಸಿದವರು ಯಾವುದೋ ಸರ್ವರಿನಲ್ಲಿ ಒಂದು ದಿನ ‘ಬೋರಿಂಗ್_ವಿಶ್ವೇಶ್ವರಯ್ಯ’ ಆಗಿಯೇ ತೀರುತ್ತಾರೆ.

ತಮಾಷೆ ಬಿಟ್ಟರೆ, ನಾಲ್ಕು ಗಂಟೆ ಬದುಕಿ ಸಾಯುವ ಕಂಟೇನರಿಗೆ ಈ ಪದ್ಧತಿ ಸರಿ. ಎರಡು ಹೆಸರು ಡಿಕ್ಕಿ ಹೊಡೆಯುವುದು ಕಡಿಮೆ, ಫೋನಿನಲ್ಲಿ ಸಹೋದ್ಯೋಗಿಗೆ ಹೇಳಲೂ ಬರುತ್ತದೆ. ಪ್ರಾಜೆಕ್ಟಿಗೆ ಇದು ಸಲ್ಲದು. ಇಂಥ ಹೆಸರು ಕಿವಿಗೆ ಚೆನ್ನಾಗಿರುತ್ತದೆ, ಹಾಗಾಗಿ ಬದಲಿಸಬೇಕೆಂದೇ ಅನ್ನಿಸುವುದಿಲ್ಲ. ಒಳಗೆ ಏನಿದೆ ಎಂಬುದಕ್ಕೂ ಅದಕ್ಕೂ ಯಾವ ನಂಟೂ ಇಲ್ಲ.

ಹೆಸರು ಬರೆಯದೆ ಮುಂದೆ ಬಿಡುವುದಿಲ್ಲ ಎನ್ನುವ ಬಣದಲ್ಲಿ ಎಕ್ಲಿಪ್ಸ್, ಆ್ಯಪಲ್‌ನ ಎಕ್ಸ್‌ಕೋಡ್ ಇವೆ. ತತ್ತ್ವವಾಗಿ ಇದು ಶಿಸ್ತು. ನಡೆಯುವುದು ಬೇರೆ: ಜನ ‘ಟೆಸ್ಟ್’, ‘ಟೆಸ್ಟ್2’, ‘ಹೊಸ_ಟೆಸ್ಟ್’ ಎಂದು ಬರೆದು ಮುಂದೆ ಹೋಗುತ್ತಾರೆ. ‘ಟೆಸ್ಟ್’ ಎಂಬುದು ಎಷ್ಟು ಕೆಟ್ಟ ಆಯ್ಕೆಯೆಂದರೆ ರಸ್ಟ್ ಭಾಷೆಯ ಕಾರ್ಗೊ ಅದನ್ನು ಸ್ವೀಕರಿಸುವುದೇ ಇಲ್ಲ, ಭಾಷೆಯ ಒಳಗೇ ಆ ಹೆಸರಿನ ಲೈಬ್ರರಿ ಇದೆ. ಪೈಥಾನಿನ ಜ್ಯಾಂಗೊ ಕೂಡ ಅದೇ ಕಾರಣಕ್ಕೆ ನಿರಾಕರಿಸುತ್ತದೆ. ನಿರಾಕರಿಸಿದರೆ ಪುಣ್ಯ. ಪೈಥಾನ್ ಕಲಿಯುವವರು ‘ರ‍್ಯಾಂಡಮ್’ ಎಂದು ತಮ್ಮ ಫೈಲಿಗೆ ಹೆಸರಿಟ್ಟು, ಭಾಷೆಯದೇ ರ‍್ಯಾಂಡಮ್ ಮಾಡ್ಯೂಲಿಗೆ ಬದಲು ತಮ್ಮದೇ ಫೈಲ್ ತೆರೆದುಕೊಂಡು ತಲೆ ಕೆರೆದುಕೊಳ್ಳುವುದು ಮಾಮೂಲು. ವಿಂಡೋಸಿನಲ್ಲಿ ‘ಕಾನ್’, ‘ನಲ್’, ‘ಆಕ್ಸ್’ ಎಂಬ ಹೆಸರುಗಳು ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲು. ಡೀಫಾಲ್ಟ್ ಹೆಸರಿನ ಒಂದು ದೊಡ್ಡ ಉಪಯೋಗ ಇರುವುದು ಇಲ್ಲೇ. ಅದು ಈ ಗುಂಡಿಗಳನ್ನೆಲ್ಲ ಮೊದಲೇ ದಾಟಿಸಿ ಕೊಡುತ್ತದೆ.

ಮೇಲೆ ಹೇಳಿದ್ದೆಲ್ಲ ಹೊಸದಾಗಿ ಹುಟ್ಟುವ ಪ್ರಾಜೆಕ್ಟಿನ ಮಾತು. ದಿನನಿತ್ಯದ ಕೆಲಸದಲ್ಲಿ ಹೆಚ್ಚಿನ ಸಲ ನಾವು ಮಾಡುವುದು ಇರುವ ಫೋಲ್ಡರನ್ನು ಎಡಿಟರಿನಲ್ಲಿ ತೆರೆಯುವುದು. ವಿಎಸ್ ಕೋಡ್ ಆಗಲಿ, ಈಮ್ಯಾಕ್ಸ್ ಆಗಲಿ, ಆಗ ಫೋಲ್ಡರಿನ ಹೆಸರನ್ನೇ ಪ್ರಾಜೆಕ್ಟಿನ ಹೆಸರೆಂದು ತೋರಿಸುತ್ತವೆ. ಇಲ್ಲಿ ಎಡಿಟರ್ ಏನನ್ನೂ ಕಲ್ಪಿಸಿಕೊಳ್ಳಬೇಕಾಗಿಲ್ಲ, ಮನುಷ್ಯ ಆಗಲೇ ಇಟ್ಟದ್ದನ್ನು ಓದಿ ಹೇಳಿದರಾಯಿತು. ತೊಂದರೆ ಬರುವುದು ಫೋಲ್ಡರಿನ ಕೊನೆಯ ಹೆಸರಿಗೆ ಸ್ವಂತ ಅರ್ಥವಿಲ್ಲದಾಗ. ಸಬ್‌ವರ್ಷನ್ ಚಾಲ್ತಿಯಲ್ಲಿದ್ದ ಕಾಲದಲ್ಲಿ ಪ್ರತಿ ಪ್ರಾಜೆಕ್ಟಿನ ಮುಖ್ಯ ಕೋಡ್ ‘ಟ್ರಂಕ್’ ಎಂಬ ಫೋಲ್ಡರಿನಲ್ಲಿರುವುದು ರೂಢಿ. ನಾಲ್ಕು ಪ್ರಾಜೆಕ್ಟ್ ತೆರೆದರೆ ನಾಲ್ಕು ಕಿಟಕಿಯ ಮೇಲೂ ‘ಟ್ರಂಕ್’. ಈಗ ಅದೇ ಜಾಗದಲ್ಲಿ ‘ಬ್ಯಾಕೆಂಡ್’, ‘ಆ್ಯಪ್’, ‘ಎಸ್‌ಆರ್‌ಸಿ’ ಬಂದಿವೆ. ಒಂದೇ ಪ್ರಾಜೆಕ್ಟಿನ ಎರಡು ಶಾಖೆಗಳನ್ನು ಎರಡು ಫೋಲ್ಡರಿನಲ್ಲಿ ಇಟ್ಟುಕೊಳ್ಳಲು ಗಿಟ್ 2015ರಲ್ಲಿ ‘ವರ್ಕ್‌ಟ್ರೀ’ ಕೊಟ್ಟ ಮೇಲೆ ಇದರ ತಿರುಗುಮುರುಗೂ ಆಯಿತು: ಪ್ರಾಜೆಕ್ಟ್ ಒಂದೇ, ಹೆಸರು ಎರಡು.

ಫೋಲ್ಡರನ್ನು ನಂಬದೆ ಪ್ರಾಜೆಕ್ಟಿನೊಳಗಿನ ವಿವರದ ಫೈಲನ್ನೇ ನಂಬೋಣ ಎನ್ನುವವರಿದ್ದಾರೆ. ನೋಡ್ ಪ್ರಾಜೆಕ್ಟಿಗೆ ಪ್ಯಾಕೇಜ್ ಫೈಲ್, ಮಾವೆನ್ನಿಗೆ ಪಾಮ್ ಫೈಲ್, ರಸ್ಟಿಗೆ ಕಾರ್ಗೊ ಫೈಲ್ ಇದ್ದು ಅವುಗಳಲ್ಲಿ ಹೆಸರು ಬರೆದಿರುತ್ತದೆ. ಕೇಳಲು ಸರಿ. ಆದರೆ ನೋಡ್‌ನ ಎನ್‌ಪಿಎಂ ತನ್ನ ಪ್ಯಾಕೇಜ್ ಫೈಲನ್ನು ತಯಾರಿಸುವಾಗ ಹೆಸರು ಎಲ್ಲಿಂದ ತರುತ್ತದೆ? ಫೋಲ್ಡರಿನಿಂದ! ಮಾದರಿ ಪ್ರಾಜೆಕ್ಟ್ ನಕಲು ಮಾಡಿಕೊಂಡು ಶುರುಮಾಡಿದವರ ಫೈಲಿನಲ್ಲಿ ಮಾದರಿಯದೇ ಹೆಸರು ಉಳಿದಿರುತ್ತದೆ, ವೆಬ್ ಪ್ರಾಜೆಕ್ಟ್ ತಯಾರಿಸಿಕೊಡುವ ವೀಟ್‌ನ ಡೀಫಾಲ್ಟಿಗೆ ಎಂಟರ್ ಒತ್ತಿದವರದ್ದೆಲ್ಲ ‘ವೀಟ್-ಪ್ರಾಜೆಕ್ಟ್’. ಕಣ್ಣಿಗೆ ಕಾಣುವ ಫೋಲ್ಡರಿನ ಹೆಸರನ್ನು ಬಿಟ್ಟು ಯಾರೂ ತೆರೆದು ನೋಡದ ಫೈಲಿನ ಹೆಸರನ್ನು ಕಿಟಕಿಯ ನೆತ್ತಿಗೆ ಬರೆಯುವುದು ನನಗೆ ವಿವೇಕ ಅನ್ನಿಸುವುದಿಲ್ಲ. ಈಮ್ಯಾಕ್ಸ್ ಬಫರುಗಳ ವಿಷಯದಲ್ಲಿ ಮಾಡಿದ್ದು ಹೆಚ್ಚು ಒಳ್ಳೆಯದು. ಒಂದೇ ಹೆಸರಿನ ಎರಡು ಫೈಲ್ ತೆರೆದಾಗ ಅದು ಮೊದಲೆಲ್ಲ ಎರಡನೆಯದಕ್ಕೆ ‘2’ ಎಂದು ಬಾಲ ಹಚ್ಚುತ್ತಿತ್ತು. 2014ರ 24.4ನೇ ಆವೃತ್ತಿಯಿಂದ ಅಂಕಿಯ ಬದಲು ಮೇಲಿನ ಫೋಲ್ಡರಿನ ಹೆಸರು ಹಚ್ಚುತ್ತದೆ, ಅದೂ ಗೊಂದಲವಾಗುವಾಗ ಮಾತ್ರ. ಪ್ರಾಜೆಕ್ಟಿಗೂ ಇದೇ ಸಾಕು. ಇಬ್ಬರು ‘ಬ್ಯಾಕೆಂಡ್’ ಎದುರಾದಾಗ ಒಬ್ಬರ ಮನೆತನದ ಹೆಸರು ಕೇಳಿದರಾಯಿತು.

ಕನ್ನಡದಲ್ಲಿ ಹೆಸರಿಡುವವರ ಪಾಡು ಪ್ರತ್ಯೇಕ ಅಧ್ಯಾಯ. ಇಡಲು ಅಡ್ಡಿಯೇನಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಕನ್ನಡ ಫೋಲ್ಡರುಗಳನ್ನು ಒಪ್ಪುತ್ತವೆ. ಅವುಗಳ ಮೇಲೆ ಕೆಲಸ ಮಾಡುವ ಸಲಕರಣೆಗಳು ಒಪ್ಪುವುದಿಲ್ಲ. ವಿಂಡೋಸಿನಲ್ಲಿ ಆಂಡ್ರಾಯ್ಡ್ ಪ್ರಾಜೆಕ್ಟಿನ ದಾರಿಯಲ್ಲಿ ಎಲ್ಲೇ ಇಂಗ್ಲಿಷೇತರ ಅಕ್ಷರ ಕಂಡರೂ ಗ್ರೇಡಲ್ ಪ್ಲಗಿನ್ ಬಿಲ್ಡ್ ನಿಲ್ಲಿಸಿ ಎಚ್ಚರಿಸುತ್ತದೆ. ಎನ್‌ಪಿಎಂ ಕನ್ನಡ ಫೋಲ್ಡರಿನ ಹೆಸರನ್ನು ಪ್ಯಾಕೇಜ್ ಹೆಸರಾಗಿ ತೆಗೆದುಕೊಳ್ಳಲಾರದೆ ತಕರಾರು ಮಾಡುತ್ತದೆ. ಗಿಟ್ ತನ್ನ ಡೀಫಾಲ್ಟ್ ವ್ಯವಸ್ಥೆಯಲ್ಲಿ ಕನ್ನಡ ಫೈಲಿನ ಹೆಸರನ್ನು ಅಂಕಿಗಳ ಸಾಲಾಗಿ ತೋರಿಸುತ್ತದೆ, ‘ಕ’ ಎಂಬುದು 340, 262, 225 ಎಂದು ಕಾಣುತ್ತದೆ. ಹಳೆಯ ಮ್ಯಾಕ್ ಕಡತವ್ಯವಸ್ಥೆ ‘ಕೋಶ’ ಎಂಬುದರ ‘ಕೋ’ವನ್ನು ಬಿಡಿಸಿ ನಾಲ್ಕು ಸಂಕೇತಗಳಾಗಿ ಬರೆದಿಡುತ್ತಿತ್ತು, ಲಿನಕ್ಸಿನಲ್ಲಿ ಅದೇ ಎರಡು ಸಂಕೇತ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಫೈಲು. ಇದನ್ನು ಸಂಭಾಳಿಸಲು ಗಿಟ್ ಒಂದು ಪ್ರತ್ಯೇಕ ಸೆಟ್ಟಿಂಗ್ ಸೇರಿಸಬೇಕಾಯಿತು.

ಎಲ್ಲಕ್ಕಿಂತ ಕೆಟ್ಟದ್ದು ಹೆಸರನ್ನು ತೊಳೆದು ಸುರಕ್ಷಿತಗೊಳಿಸುವ ಕೋಡು. ಸಾಮಾನ್ಯವಾಗಿ ಅದು ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತುಹಾಕುತ್ತದೆ, ಕನ್ನಡ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ. ಯೂನಿಕೋಡ್ ಒಪ್ಪುತ್ತೇನೆ ಎನ್ನುವುದು ಇನ್ನೂ ವಿಚಿತ್ರ. ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳು ಗುಣಿತದ ಚಿಹ್ನೆಗಳನ್ನೂ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯನ್ನೂ ಪದದ ಅಕ್ಷರಗಳೆಂದು ಎಣಿಸುವುದಿಲ್ಲ. ಹಾಗಾಗಿ ‘ಪಟ್ಟಿ’ ಎಂದು ಕೊಟ್ಟರೆ ‘ಪಟಟ’ ಎಂದು ಹೊರಬರುತ್ತದೆ. ಅದೇ ಪೈಥಾನಿನಲ್ಲಿ ‘ಪಟ್ಟಿ’ ಎಂಬ ವೇರಿಯಬಲ್ ಬರೆದರೆ ಸಲೀಸಾಗಿ ನಡೆಯುತ್ತದೆ! ಎಡಿಟರ್ ಮಾಡುವವರಿಗೆ ಇದರಿಂದ ಒಂದು ನೇರ ಸಲಹೆ ಹೊರಡುತ್ತದೆ: ತೋರಿಸುವ ಹೆಸರು ಬೇರೆ ಇರಲಿ, ಡಿಸ್ಕಿನ ಮೇಲಿನ ಹೆಸರು ಬೇರೆ ಇರಲಿ. ಕಿಟಕಿಯ ಮೇಲೆ ‘ಮನೆ ಲೆಕ್ಕ’ ಎಂದಿದ್ದು, ಫೋಲ್ಡರಿಗೆ ತಾರೀಖಿನ ಸಪ್ಪೆ ಹೆಸರಿದ್ದರೆ ಯಾರಿಗೂ ನಷ್ಟವಿಲ್ಲ. ಇಂಟೆಲಿಜೆ ಪ್ರಾಜೆಕ್ಟಿನೊಳಗೆ ಹೆಸರಿಗೆಂದೇ ಒಂದು ಪುಟ್ಟ ಫೈಲ್ ಇಟ್ಟುಕೊಳ್ಳಬಲ್ಲದು, ವಿಎಸ್ ಕೋಡಿನ ವರ್ಕ್‌ಸ್ಪೇಸ್ ಫೈಲಿನಲ್ಲಿ ಪ್ರತಿ ಫೋಲ್ಡರಿಗೂ ಕರೆಯುವ ಹೆಸರು ಕೊಡಬಹುದು. ಸವಲತ್ತು ಇದೆ, ಹುಡುಕಿದವರಿಗೆ ಮಾತ್ರ ಸಿಗುತ್ತದೆ.

ಹೆಸರು ಕೇಳುವುದನ್ನೇ ಮುಂದೂಡಿದರೆ? ವಿಎಸ್ ಕೋಡಿನಲ್ಲಿ ಉಳಿಸದ ಫೈಲಿನ ಟ್ಯಾಬಿನ ಮೇಲೆ ಅದರ ಮೊದಲ ಸಾಲೇ ಕಾಣುತ್ತದೆ. ಎರಡು ಫೋಲ್ಡರ್ ಒಟ್ಟಿಗೆ ತೆರೆದರೆ ಹೆಸರಿಲ್ಲದ ವರ್ಕ್‌ಸ್ಪೇಸ್ ಒಂದನ್ನು ತಾನೇ ಸೃಷ್ಟಿಸಿ, ಕಿಟಕಿ ಮುಚ್ಚುವಾಗ ಉಳಿಸಬೇಕೇ ಎಂದು ಕೇಳುತ್ತದೆ. ಆ ಹೊತ್ತಿಗೆ ಕೆಲಸ ಏನೆಂಬುದು ಗೊತ್ತಿರುತ್ತದೆ, ಉಳಿಸುವ ಯೋಗ್ಯತೆ ಇದೆಯೋ ಇಲ್ಲವೋ ಎಂಬುದೂ ಗೊತ್ತಿರುತ್ತದೆ. ಪ್ರಯೋಗಕ್ಕೆ ಕೂತವರಿಗೆ ಇದಕ್ಕಿಂತ ಒಳ್ಳೆಯ ಉಪಚಾರವಿಲ್ಲ. ಕಂಪೈಲರಿಗೆ ಮೊದಲ ಕ್ಷಣದಿಂದ ಪ್ಯಾಕೇಜ್ ಹೆಸರು ಬೇಕೆನ್ನುವ ಭಾಷೆಗಳಲ್ಲಿ ಮಾತ್ರ ಇದು ಪೂರ್ತಿ ಸಾಗದು.

ಉಳಿದಿರುವುದು ಡೀಫಾಲ್ಟನ್ನೇ ಬಳಸುವವರ ಕೈಗೆ ಕೊಡುವ ದಾರಿ. ಗಿಟ್ ಮೊದಲ ಶಾಖೆಗೆ ಯಾವ ಹೆಸರು ಎಂಬ ವಾದ ಎದ್ದಾಗ, 2020ರ 2.28ನೇ ಆವೃತ್ತಿಯಲ್ಲಿ ನಿಮ್ಮ ಡೀಫಾಲ್ಟ್ ನೀವೇ ಬರೆದುಕೊಳ್ಳಿ ಎಂದು ಒಂದು ಸೆಟ್ಟಿಂಗ್ ಕೊಟ್ಟಿತು. ಪ್ರಾಜೆಕ್ಟ್ ಹೆಸರಿನ ಮಾದರಿಯನ್ನೂ ಹಾಗೆ ಬರೆದಿಡಲು ಬಂದರೆ ಲ್ಯಾಬಿನ ಮೇಷ್ಟ್ರು ವಿದ್ಯಾರ್ಥಿಯ ಯುಎಸ್‌ಎನ್ ಎಂಬ ನೋಂದಣಿ ಸಂಖ್ಯೆ, ತಾರೀಖು, ಪ್ರಯೋಗದ ಸಂಖ್ಯೆ ತಾನಾಗಿ ಸೇರಿಕೊಳ್ಳುವ ಹಾಗೆ ಮಾಡಬಹುದು. ಒಂದು ಎಚ್ಚರಿಕೆ ಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೊಡುವ ಯುಎಸ್‌ಎನ್‌ನ ಮೊದಲ ಗುರುತು ವಲಯದ ಅಂಕಿ: ಬೆಂಗಳೂರಿಗೆ 1, ಬೆಳಗಾವಿಗೆ 2, ಕಲಬುರಗಿಗೆ 3, ಮೈಸೂರಿಗೆ 4. ಜಾವಾ, ಪೈಥಾನ್, ಸಿ ಶಾರ್ಪ್ ಯಾವುದರಲ್ಲೂ ಹೆಸರು ಅಂಕಿಯಿಂದ ಶುರುವಾಗುವಂತಿಲ್ಲ. ವಿಷುಯಲ್ ಸ್ಟುಡಿಯೊ ಅಂಥ ಕಡೆ ನೇಮ್‌ಸ್ಪೇಸಿನ ಮುಂದೆ ತಾನೇ ಒಂದು ಅಡಿಗೆರೆ ಹಚ್ಚಿ ಸುಧಾರಿಸಿಕೊಳ್ಳುತ್ತದೆ, ಪೈಥಾನ್ ನೇರವಾಗಿ ತಪ್ಪು ತೋರಿಸುತ್ತದೆ. ಆದ್ದರಿಂದ ಮೇಷ್ಟ್ರು ತಮ್ಮ ಮಾದರಿಯಲ್ಲಿ ಯುಎಸ್‌ಎನ್‌ಗೆ ಮೊದಲು ‘ಲ್ಯಾಬ್_’ ಎಂದು ಬರೆದುಕೊಳ್ಳುವುದು ಕ್ಷೇಮ.